ಕೆಂಪು ಸಮುದ್ರಕ್ಕೆ ನೈಟಿಯಲ್ಲಿ ಇಳಿದದ್ದು

ಮೊದಲು ಯೋಚಿಸಿ, ಆಮೇಲೆ ಪರೀಕ್ಷಿಸಿ, ಅದಾದ ಮೇಲೆ ಕೈ ಹಾಕಿದರೆ ಈ ಜಗತ್ತಿನಲ್ಲಿ ಯಾವ ಕೆಲಸವೂ ಕೆಡುವುದಿಲ್ಲ ಎಂದು ನಂಬಿದವಳು ನಾನು. ಅದು ನಂಬಿಕೆಯಷ್ಟೇ ಅಲ್ಲ, ನನ್ನ ಹೊಟ್ಟೆಪಾಡು. ಅಮೆರಿಕದ ಷಾರ್ಲೆಟ್ ನಗರದ ಬ್ಯಾಲಂಟೈನ್ ಬಡಾವಣೆಯಲ್ಲಿ ಒಂದು ಬ್ಯಾಂಕಿನ ಸಾಫ್ಟ್‌ವೇರ್ ಟೆಸ್ಟಿಂಗ್ ತಂಡಕ್ಕೆ ನಾನು ಲೀಡ್. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಅವರ ಮುಖಕ್ಕೆ ಹಿಡಿಯುವುದು ನನ್ನ ಉದ್ಯೋಗ. ಇಂಥ ಸುಖಕ್ಕೆ ಸಂಬಳವನ್ನೂ ಕೊಡುತ್ತಾರೆಂದು ತಿಳಿದ ದಿನ ನನ್ನ ಜನ್ಮ ಸಾರ್ಥಕವಾಯಿತು! ಮನೆಯಲ್ಲಿ ಇದೇ ಕೆಲಸವನ್ನು ಪುಕ್ಕಟೆ ಮಾಡುತ್ತೇನೆ.

ಪ್ರೋಗ್ರಾಂ ಬರೆಯುವ ಹುಡುಗರಿಗೆ ನನ್ನ ಒಂದು ನಿಯಮ ಬಾಯಿಪಾಠವಾಗಿದೆ. ಪರೀಕ್ಷೆ ಮುಗಿದು ನಾನು ‘ಸರಿ’ ಎಂದ ಮೇಲೆ ಒಂದು ಅಲ್ಪವಿರಾಮವನ್ನೂ ಮುಟ್ಟಕೂಡದು. ಮುಟ್ಟಿದರೆ ಎಲ್ಲವನ್ನೂ ಮೊದಲಿನಿಂದ ಪರೀಕ್ಷಿಸಬೇಕು. "ಸಣ್ಣ ಚೇಂಜ್ ಅಷ್ಟೇ ಮೇಡಂ" ಎಂದವರು ಆಮೇಲೆ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿಕೊಂಡು ಮೂಗು ಸೀನಿಕೊಂಡದ್ದಿದೆ. ಇಂಥ ನಾನು ಒಂದು ಪ್ರವಾಸವನ್ನು ಯೋಜಿಸಿದರೆ ಅದು ಹೇಗಿರಬೇಕು? ನೀವೇ ಊಹಿಸಿಕೊಳ್ಳಿ. ನಾನೂ ಹಾಗೆಯೇ ಊಹಿಸಿಕೊಂಡಿದ್ದೆ.

ನಮ್ಮ ಮನೆಯಲ್ಲಿ ರಜೆ ಎಂದರೆ ಊರಿಗೆ ಹೋಗುವುದು, ಅಷ್ಟೇ. ನಾನು ಧಾರವಾಡದವಳು, ನನ್ನ ಗಂಡ ಗಿರೀಶ್ ಮೈಸೂರಿನವರು. ವರ್ಷವಿಡೀ ಕೂಡಿಟ್ಟ ರಜೆಯಲ್ಲಿ ಅರ್ಧ ಅವರ ಕಡೆಯ ಮದುವೆಗೆ, ಅರ್ಧ ನಮ್ಮ ಕಡೆಯ ಮುಂಜಿಗೆ. ಮಿಕ್ಕಿದ್ದು ಜೆಟ್ ಲ್ಯಾಗಿಗೆ. ಬಳಗದ ಮೇಲೆ ನನಗೆ ಪ್ರೀತಿ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಆದರೆ ಪ್ರತಿ ಸಲ ವಾಪಸು ಬಂದು ಷಾರ್ಲೆಟ್ಟಿನಲ್ಲಿ ಇಳಿದಾಗ ರಜೆಗೆ ಹೊರಟ ದಿನಕ್ಕಿಂತ ಹೆಚ್ಚು ದಣಿದಿರುತ್ತಿದ್ದೆ. ಅಮೆರಿಕಕ್ಕೆ ಬಂದು ಇಷ್ಟು ವರ್ಷಗಳಲ್ಲಿ ನನಗೆಂದೇ ನಾನು ತೆಗೆದುಕೊಂಡ ರಜೆ ಒಂದೂ ಇರಲಿಲ್ಲ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆಂದು ತಿಳಿಯದೆ ಇನ್ನೂ ಸಿಟ್ಟು ಬರುತ್ತಿತ್ತು.

ಕೋವಿಡ್ ಕಾಲದಲ್ಲಿ ಎಲ್ಲರೂ ಮನೆಯೊಳಗೆ ಕೂತಿದ್ದಾಗ ನಾನು ಕಂಪ್ಯೂಟರಿನ ಒಂದು ಮೂಲೆಯಲ್ಲಿ ಹವಳದ ದಿಬ್ಬದ ವಿಡಿಯೋ ಹಾಕಿಟ್ಟುಕೊಳ್ಳುತ್ತಿದ್ದೆ. ಹುಡುಗರನ್ನು ಬೈಯುತ್ತ ಬೈಯುತ್ತ ಕಣ್ಣು ಮಾತ್ರ ಮೀನುಗಳ ಮೇಲೆ. ಹಳದಿ, ನೀಲಿ, ಕೆಂಪು, ಪಟ್ಟೆಪಟ್ಟೆ. ಅವುಗಳಿಗೆ ಯಾವ ಮದುವೆಗೂ ಹೋಗುವ ಅವಸರವಿರಲಿಲ್ಲ. ನನ್ನ ಕನ್ನಡಕದ ಪವರ್ ವರ್ಷ ವರ್ಷವೂ ಏರುತ್ತಿತ್ತು. ಇದು ಇನ್ನೂ ಏರುವ ಮೊದಲು ಒಮ್ಮೆಯಾದರೂ ನಿಜವಾದ ಹವಳವನ್ನು ನಿಜವಾದ ಕಣ್ಣಿನಿಂದ ನೋಡಬೇಕೆಂದು ಆಗಲೇ ತೀರ್ಮಾನಿಸಿದೆ.

ಅವಕಾಶ ಬಂದದ್ದು ನಾದಿನಿಯ ಮಗಳ ಮದುವೆಯ ರೂಪದಲ್ಲಿ. ಮೈಸೂರಿನಲ್ಲಿ ಮದುವೆ, ಬೇಸಿಗೆಯಲ್ಲಿ. ನಾನು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಲೇ ಘೋಷಿಸಿದೆ.

"ಮದುವಿಗೆ ಬರ್ತೀನಿ. ಆದರ ಅದಕ್ಕಿಂತ ಮೊದಲ ಐದು ದಿನ ನನ್ನವು. ಹಾದ್ಯಾಗ ಅಕಾಬಾದಾಗ ಇಳಿಯೂಣು."

"ಅಕಾಬಾನಾ? ಅದೆಲ್ಲಿ ಬರುತ್ತೆ?" ಎಂದರು ಗಿರೀಶ್.

"ಜೋರ್ಡಾನ್ ದೇಶದಾಗ. ಸುತ್ತ ಮರುಭೂಮಿ, ಮುಂದ ಕೆಂಪು ಸಮುದ್ರ. ದಂಡಿಯಿಂದ ನಾಲ್ಕು ಹೆಜ್ಜಿ ಹೋದ್ರ ಹವಳ!"

ಗಿರೀಶ್ ಮೈಸೂರಿನ ಮನುಷ್ಯ. ಜಗಳ ಆಡುವುದಿಲ್ಲ, ಅನುಮಾನ ಪಡುತ್ತಾರೆ. "ಅಲ್ಲ ವೈಜು, ಬೀಚ್ ನೋಡಕ್ಕೆ ಯಾರಾದ್ರೂ ಮರುಭೂಮಿಗೆ ಹೋಗ್ತಾರಾ?" ಎಂದರು.

ನಾನು ಸೌಟು ಹಿಡಿದುಕೊಂಡೇ ಪಾಠ ಮಾಡಿದೆ. ಮರುಭೂಮಿಯಲ್ಲಿ ಮಳೆಯಿಲ್ಲ, ಹೊಳೆಯಿಲ್ಲ. ಹೊಳೆಯಿಲ್ಲದ್ದರಿಂದ ಸಮುದ್ರಕ್ಕೆ ಕೆಸರು ಬಂದು ಸೇರುವುದಿಲ್ಲ. ಅದಕ್ಕೇ ಅಲ್ಲಿಯ ನೀರು ಕನ್ನಡಿಯಷ್ಟು ತಿಳಿ. ಗಿರೀಶ್ ಎಲ್ಲ ಕೇಳಿ "ಒಗ್ಗರಣೆ ಸೀದೋಯ್ತು" ಎಂದರು.

ಸುದ್ದಿ ಹಬ್ಬಿತು. ಪಕ್ಕದ ಬೀದಿಯ ಸವಿತಾ, ನನ್ನ ಬಹುಕಾಲದ ಗೆಳತಿ, ಅಂದು ಸಂಜೆ ವಾಕಿಂಗಿನಲ್ಲಿ ಹಿಡಿದುಕೊಂಡಳು. "ಏನೇ ಇದು? ಬೀಚ್ ಬೇಕಂದ್ರೆ ಮರ್ಟಲ್ ಬೀಚ್ ಇಲ್ವಾ? ಬೆಳಿಗ್ಗೆ ಪುಳಿಯೋಗರೆ ಕಲಸ್ಕೊಂಡು ಹೊರಟ್ರೆ ಮಧ್ಯಾಹ್ನಕ್ಕೆ ಅಲ್ಲಿರ್ತೀವಿ. ಒಂದು ಗ್ರೂಪ್ ಮಾಡ್ಬಿಡ್ತೀನಿ, ಎಲ್ಲಾರೂ ಹೋಗೋಣ!"

ಮರ್ಟಲ್ ಬೀಚಿಗೆ ನಾನು ಎಷ್ಟೋ ಸಲ ಹೋಗಿದ್ದೇನೆ. ಸಮುದ್ರಕ್ಕೆ ಬೆನ್ನು ಹಾಕಿ ಕೂತು, ಮರಳು ಹಾರದಂತೆ ಮೊಸರನ್ನದ ಪಾತ್ರೆಗೆ ಅಡ್ಡ ಕೂತು, ಇಡೀ ಷಾರ್ಲೆಟ್ಟಿನ ಕನ್ನಡ ಬಳಗಕ್ಕೆ ಬಡಿಸಿದ್ದೇನೆ. ಸಮುದ್ರದ ಸದ್ದು ಕೇಳಿದ್ದೇನೆಯೇ ಹೊರತು ನೋಡಿದ್ದು ಕಡಿಮೆ.

"ಸವಿತಾ, ನಾನು ಒಬ್ಬಾಕಿನ ಹೋಗಾಕಿ. ಬೇಕಾದ್ರ ಗಂಡನ್ನ ಕರಕೊಂಡು ಹೋಗಾಕಿ. ಗ್ರೂಪು ಬ್ಯಾಡ!" ಎಂದೆ. ಅವಳು ನಾನು ಸನ್ಯಾಸ ತೆಗೆದುಕೊಂಡೆನೇನೋ ಎಂಬಂತೆ ನೋಡಿದಳು.

ಅಟ್ಲಾಂಟಾದಲ್ಲಿ ಓದುತ್ತಿರುವ ಮಗಳು ನಿಧಿ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಅಮ್ಮ, ನಿಂಗೆ ಸ್ವಿಮ್ಮಿಂಗ್ ಬರಲ್ಲ ಅಲ್ವಾ? ಯು ಕಾಂಟ್ ಈವನ್ ಫ್ಲೋಟ್!"

"ಲೈಫ್ ಜಾಕೆಟ್ ಹಾಕ್ಕೊಂಡ್ರ ಕಲ್ಲೂ ತೇಲ್ತದ" ಎಂದು ಫೋನ್ ಇಟ್ಟೆ.

ಯೋಜನೆ ಶುರುವಾಯಿತು. ಮೊದಲನೆಯ ಸವಾಲು ನನ್ನ ಕಣ್ಣು. ಕನ್ನಡಕವಿಲ್ಲದೆ ನನಗೆ ಎದುರಿಗೆ ನಿಂತವರು ಗಂಡಸೋ ಹೆಂಗಸೋ ತಿಳಿಯುವುದಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕಲು ಹೋದರೆ ಬೆರಳು ಕಣ್ಣಿನ ಹತ್ತಿರ ಬರುವ ಮೊದಲೇ ಕಿರಿಚುತ್ತೇನೆ. ಅದಕ್ಕಾಗಿ ನನ್ನ ಪವರಿನ ಗಾಜು ಕೂರಿಸಿದ ಈಜುವ ಮಾಸ್ಕನ್ನೇ ಹೇಳಿ ಮಾಡಿಸಿದೆ. ಅದು ಬಂದ ದಿನ ಹಾಕಿಕೊಂಡು ಮನೆಯಲ್ಲೆಲ್ಲ ಓಡಾಡಿದೆ. ಸೀಲಿಂಗಿನ ಜೇಡರಬಲೆಗಳೂ ಕಂಡವು. ಗಿರೀಶರಿಗೆ ಪೊರಕೆ ಕೊಟ್ಟೆ.

ಆದರೆ ಒಣ ನೆಲದ ಮೇಲಿನ ಪರೀಕ್ಷೆ ಪರೀಕ್ಷೆಯಲ್ಲ. ನಮ್ಮ ಬಡಾವಣೆಯ ಈಜುಕೊಳ ಬೇಸಿಗೆ ಬರುವವರೆಗೆ ಬೀಗ ಹಾಕಿರುತ್ತದೆ. ಹೀಗಾಗಿ ಬಾತ್‌ಟಬ್ ತುಂಬಿಸಿದೆ. ಗಜ್ಜರಿಯನ್ನು ಮೀನಿನ ಆಕಾರದಲ್ಲಿ ಕತ್ತರಿಸಿ ತಳಕ್ಕೆ ಬಿಟ್ಟೆ. ಹೂಕೋಸಿನ ತುಂಡುಗಳು ತೇಲುತ್ತಿದ್ದುದರಿಂದ ಅವುಗಳನ್ನು ಸ್ಟೀಲ್ ಡಬ್ಬಿಯ ಕೆಳಗೆ ಸಿಕ್ಕಿಸಿ ಹವಳವೆಂದು ಭಾವಿಸಿಕೊಂಡೆ. ಮಾಸ್ಕ್ ತೊಟ್ಟು, ಕೊಳವೆ ಕಚ್ಚಿ, ಕಾಲಿಗೆ ರಬ್ಬರಿನ ಈಜುರೆಕ್ಕೆ ಸಿಕ್ಕಿಸಿಕೊಂಡು ಮುಖ ಮುಳುಗಿಸಿದೆ. ಏನು ಸ್ಪಷ್ಟ! ಏನು ಸೌಂದರ್ಯ! ಗಜ್ಜರಿಯ ಮೈಮೇಲಿನ ಗೆರೆಗಳು ಕೂಡ ಕಾಣುತ್ತಿದ್ದವು. ಆಗ ಬಾಗಿಲು ತೆರೆದ ಸದ್ದಾಯಿತು.

"ವೈಜು, ಸಾಂಬಾರಿಗೆ ಅಂತ ತಂದ ಕ್ಯಾರೆಟ್ಟು ಟಬ್ಬಲ್ಲಿ ಯಾಕೆ ಮಲಗಿದೆ?"

ಕೊಳವೆ ಕಚ್ಚಿದ್ದರಿಂದ ನಾನು "ಅದು ಮೀನ ರೀ" ಎಂದದ್ದು "ಬೂಬೂಬೂ" ಎಂದು ಕೇಳಿಸಿತಂತೆ. ಗಿರೀಶ್ ಬಾಗಿಲನ್ನು ಮೆತ್ತಗೆ ಎಳೆದುಕೊಂಡು ಹೋದರು. ಅಂದು ಸಾಂಬಾರಿಗೆ ಬೇಳೆ ಮಾತ್ರ ಹಾಕಿದೆ. ಪರೀಕ್ಷೆ ಪಾಸಾಗಿತ್ತು.

ಇತ್ತ ನನ್ನ ಐದು ದಿನಗಳಿಗೆ ಇಲಿ ಹತ್ತಿತು. ನಾದಿನಿ ಒಂದು ವಾರ ಫೋನ್ ಮಾಡಿ ಮೆಹಂದಿ ಇದೆಯೆಂದಳು. ಇನ್ನೊಂದು ವಾರ ಸಂಗೀತವಂತೆ. ನಮ್ಮ ಕಾಲದಲ್ಲಿ ಮದುವೆಯಲ್ಲಿ ಸಂಗೀತವೆಂದರೆ ಓಲಗ, ಅದು ಮದುವೆಯ ದಿನವೇ ಊದುತ್ತಿತ್ತು! ಆಮೇಲೆ ದೇವರ ಸಮಾರಾಧನೆ ಸೇರಿತು, ಹುಡುಗಿಯ ಸೋದರಮಾವ, ಅತ್ತೆ ಇಲ್ಲದೆ ಅದು ನಡೆಯುವುದಿಲ್ಲವಂತೆ. ಒಂದೊಂದು ಫೋನಿಗೂ ಅಕಾಬಾದ ಒಂದೊಂದು ದಿನ ಕರಗಿ, ಕೊನೆಗೆ ಉಳಿದದ್ದು ಗುರುವಾರ ಮಧ್ಯಾಹ್ನ ಇಳಿಯುವುದು, ಶನಿವಾರ ಬೆಳಿಗ್ಗೆ ಹಾರುವುದು. ನಡುವೆ ಒಂದು ಶುಕ್ರವಾರ.

"ಒಂದು ದಿನಕ್ಕೋಸ್ಕರ ಅಷ್ಟು ದೂರ ಯಾಕೆ ವೈಜು, ಬಿಟ್ಬಿಡೋಣ" ಎಂದರು ಗಿರೀಶ್.

"ಒಂದು ದಿನಾ ಇರ್ಲಿ, ಒಂದು ತಾಸು ಇರ್ಲಿ. ಆ ಶುಕ್ರವಾರ ನಂದು! ಅದನ್ನ ಯಾರಿಗೂ ಕೊಡೂದಿಲ್ಲ!" ಎಂದೆ. ಗಿರೀಶ್ ಮತ್ತೆ ಆ ಮಾತು ಎತ್ತಲಿಲ್ಲ.

ಇನ್ನು ಸಾಮಾನು. ಸವಿತಾ ನಮಗಿಂತ ಕೆಲವು ದಿನ ಮೊದಲು ನೇರ ಮೈಸೂರಿನ ತವರಿಗೆ ಹೊರಟಿದ್ದಳು. ಊರಿಗೆ ಹೊರಟವರ ಕೈಯಲ್ಲಿ ಒಂದು ಪೆಟ್ಟಿಗೆ ಕಳಿಸುವುದು ಇಲ್ಲಿಯ ನಮ್ಮ ಜನರ ಜನ್ಮಸಿದ್ಧ ಹಕ್ಕು. ಹೀಗಾಗಿ ಮದುವೆಯ ಪೆಟ್ಟಿಗೆ ಅವಳ ಜೊತೆ, ಸಮುದ್ರದ ಪೆಟ್ಟಿಗೆ ನಮ್ಮ ಜೊತೆ. ಎರಡೂ ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡ ಕಪ್ಪು ಸೂಟ್‌ಕೇಸುಗಳು, ಅವಳಿಗಳಂತೆ. ಗುರುತಿಗಾಗಿ ಮದುವೆಯದಕ್ಕೆ ಕೆಂಪು ರಿಬ್ಬನ್, ಸಮುದ್ರದ್ದಕ್ಕೆ ನೀಲಿ ರಿಬ್ಬನ್ ಕಟ್ಟಿದೆ. ಗಿರೀಶರನ್ನು ಗ್ಯಾರೇಜಿನ ಆ ತುದಿಯಲ್ಲಿ ನಿಲ್ಲಿಸಿ "ಮದುವೆ!" ಎಂದಾಗ ಕೆಂಪು, "ಸಮುದ್ರ!" ಎಂದಾಗ ನೀಲಿ ಮುಟ್ಟಿಸಿ ಪರೀಕ್ಷಿಸಿದೆ. ಒಮ್ಮೆಯೂ ತಪ್ಪಲಿಲ್ಲ.

ಮದುವೆಯ ಪೆಟ್ಟಿಗೆಯನ್ನು ತಬ್ಬಿಕೊಂಡು ಬಚ್ಚಲಿನ ತೂಕದ ಯಂತ್ರದ ಮೇಲೆ ನಿಂತೆ. ಆಮೇಲೆ ನನ್ನ ತೂಕ ಕಳೆಯಬೇಕು. ಅದನ್ನು ಗಿರೀಶ್ ಬಾಯಿಬಿಟ್ಟು ಓದಕೂಡದೆಂದು ಒಪ್ಪಂದವಾಗಿತ್ತು. ವಿಮಾನದವರು ಎಷ್ಟು ಬಿಡುತ್ತಾರೋ ಸರಿಯಾಗಿ ಅಷ್ಟೇ ಭಾರ, ಒಂದು ಬಾದಾಮಿಯೂ ಹೆಚ್ಚಿಲ್ಲ. ಎರಡಕ್ಕೂ ಬೀಗ ಹಾಕಿ ‘ಸರಿ’ ಎಂದೆ.

ಸವಿತಾ ಹೊರಡುವ ಹಿಂದಿನ ಸಂಜೆ ಫೋನ್ ಮಾಡಿದಳು. "ವೈಜಯಂತಿ, ನಾನೊಬ್ಳೇ ಹೋಗ್ತಿರೋದು ಕಣೆ. ಚಕ್ರ ಚೆನ್ನಾಗಿರೋ ಸೂಟ್‌ಕೇಸ್ ಕೊಡು. ಹೋದ್ ಸಲ ಯಾರದ್ದೋ ಬ್ಯಾಗ್ ಎಳೆದೂ ಎಳೆದೂ ನನ್ನ ಭುಜ ಬಿದ್ದೋಗಿತ್ತು."

ಹೋಗಿ ನೋಡಿದೆ. ಕೆಂಪು ರಿಬ್ಬನ್ನಿನದು ಎಳೆದರೆ ಕಿಯ್ಯೋ ಎನ್ನುತ್ತಿತ್ತು. ನೀಲಿಯದು ಬೆಣ್ಣೆಯಂತೆ ಜಾರುತ್ತಿತ್ತು. ಸಣ್ಣ ಬದಲಾವಣೆ, ಅಷ್ಟೇ! ಎರಡರ ಸಾಮಾನನ್ನೂ ಹಾಸಿಗೆಯ ಮೇಲೆ ಸುರಿದು, ಮದುವೆಯದನ್ನು ಒಳ್ಳೆಯ ಚಕ್ರದ ಪೆಟ್ಟಿಗೆಗೂ ಸಮುದ್ರದ್ದನ್ನು ಕಿಯ್ಯೋ ಪೆಟ್ಟಿಗೆಗೂ ತುಂಬತೊಡಗಿದೆ. ಅದೇ ಹೊತ್ತಿಗೆ ಆಫೀಸಿನ ಫೋನ್. ಯಾರೋ ಒಬ್ಬ ಮಹಾನುಭಾವ ಪರೀಕ್ಷೆಯಾದ ಮೇಲೆ ಏನೋ ಒಂದನ್ನು ಬದಲಾಯಿಸಿ ಕೂತಿದ್ದ. ಕಿವಿಗೆ ಇಯರ್‌ಬಡ್ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ರೇಷ್ಮೆ ಸೀರೆ, ಇನ್ನೊಂದು ಕೈಯಲ್ಲಿ ರಬ್ಬರ್ ರೆಕ್ಕೆ ಹಿಡಿದು, ಇಂಗ್ಲಿಷಿನಲ್ಲಿ ಅವನಿಗೆ ಮಂಗಳಾರತಿ ಎತ್ತಿದೆ. ‘ಬದಲಾಯಿಸಿದ ಮೇಲೆ ಮತ್ತೆ ಪರೀಕ್ಷಿಸಬೇಕು ಎನ್ನುವಷ್ಟು ತಿಳಿವಳಿಕೆ ಬೇಡವೇ ನಿಮಗೆ?’ ಎನ್ನುತ್ತಲೇ ಎರಡೂ ಬೀಗ ಹಾಕಿದೆ.

ರಿಬ್ಬನ್ನುಗಳು ಎಲ್ಲಿದ್ದವೋ ಅಲ್ಲೇ ಇದ್ದವು.

ನೀವು ನಗುತ್ತಿದ್ದೀರಿ, ನನಗೆ ಗೊತ್ತು. ನಗಿರಿ. ಮರುದಿನ ಬೆಳಿಗ್ಗೆ ಗಿರೀಶ್, ನಾನು ಕಲಿಸಿದ್ದನ್ನು ಚಾಚೂ ತಪ್ಪದೆ, ಕೆಂಪು ರಿಬ್ಬನ್ನಿನ ಪೆಟ್ಟಿಗೆಯನ್ನೆತ್ತಿ ಸವಿತಾಳ ಕಾರಿನಲ್ಲಿ ಇಟ್ಟರು. ಸವಿತಾ ಒಂದು ಸಲ ಎತ್ತಿ ನೋಡಿ "ಅಬ್ಬಾ! ಎಷ್ಟು ಹಗುರ! ಮದುವೆ ಸಾಮಾನು ಇಷ್ಟು ಹಗುರವಾಗಿ ಪ್ಯಾಕ್ ಮಾಡಕ್ಕೆ ನಿನ್ನ ಕೈಲಿ ಮಾತ್ರ ಸಾಧ್ಯ ಕಣೆ" ಎಂದಳು. ನಾನು ವಿನಯದಿಂದ ತಲೆ ತಗ್ಗಿಸಿದೆ.

ನಮ್ಮ ವಿಮಾನ ವಾಷಿಂಗ್ಟನ್ನಿನಿಂದ. ಷಾರ್ಲೆಟ್ಟಿನಿಂದ ಅಲ್ಲಿಗೆ ಕಾರಿನಲ್ಲಿ ಇಡೀ ಹಗಲಿನ ಹಾದಿ. ವರ್ಜೀನಿಯಾದಲ್ಲಿ ಒಂದು ರೆಸ್ಟ್ ಏರಿಯಾದಲ್ಲಿ ನಿಂತು ಇಡ್ಲಿ ತಿಂದೆವು. ಟೊಮೆಟೊ ಚಟ್ನಿಯ ಡಬ್ಬಿ ಹುಡುಕಲು ನೀಲಿ ರಿಬ್ಬನ್ನಿನ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದ ಗಿರೀಶ್ ಕೇಳಿದರು.

"ವೈಜು, ಈ ಸಮುದ್ರದ ಪೆಟ್ಟಿಗೆ ಯಾಕಿಷ್ಟು ಭಾರ ಇದೆ?"

"ರಬ್ಬರ್ ಅಂದ್ರ ಭಾರನ ಇರ್ತದ್ರೀ."

"ಇಷ್ಟೊಂದಾ? ಇಲ್ಲಿಂದ್ಲೇ ಮೀನು ತುಂಬ್ಕೊಂಡು ಹೋಗ್ತಿದ್ದೀಯಾ?"

"ಡ್ರೈವ್ ಮಾಡ್ರಿ ಸುಮ್ಮನ" ಎಂದೆ. ತಂಡದಲ್ಲಿ ಯಾರಾದರೂ ಇಷ್ಟು ಸ್ಪಷ್ಟವಾದ ಸುಳಿವು ಕೊಟ್ಟಿದ್ದರೆ ನಾನು ಅವರಿಗೆ ಬಡ್ತಿ ಕೊಡಿಸುತ್ತಿದ್ದೆ. ಗಂಡನಿಗೆ ಯಾರು ಬಡ್ತಿ ಕೊಡುತ್ತಾರೆ?

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಪೆಟ್ಟಿಗೆ ತೂಕಕ್ಕೆ ಬಿತ್ತು. ಅಕ್ಕಪಕ್ಕದಲ್ಲಿ ನಮ್ಮ ದೇಶದವರೇ ಹಲವರು ಪೆಟ್ಟಿಗೆಗಳನ್ನು ನೆಲದ ಮೇಲೆ ಬಿಚ್ಚಿ, ಇದರಿಂದ ಅದಕ್ಕೆ ಅದರಿಂದ ಇದಕ್ಕೆ ಸಾಮಾನು ಸಾಗಿಸುತ್ತ, ಒಂದರ ಮೇಲೊಂದು ಮೂರು ಸ್ವೆಟರ್ ತೊಡುತ್ತ ಒದ್ದಾಡುತ್ತಿದ್ದರು. ನಮ್ಮ ತೂಕ ನೋಡಿ ಕೌಂಟರಿನ ಹೆಂಗಸು "ಪರ್ಫೆಕ್ಟ್!" ಎಂದಳು. ಒಂದು ಕೂದಲಿನಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಆ ನೆಲದ ಮೇಲಿನವರ ಕಡೆ ನಾನು ಬೀರಿದ ನೋಟವನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಅಕಾಬಾ ತಲುಪಿದೆವು. ಒಂದು ಕಡೆ ಕಂದು ಬಣ್ಣದ ಬೋಳು ಬೆಟ್ಟಗಳು, ಒಂದು ಹುಲ್ಲುಕಡ್ಡಿಯೂ ಇಲ್ಲ. ಇನ್ನೊಂದು ಕಡೆ ನೀಲಿ ನೀರು. ಬಿಸಿಲು ಹೊರಗೆ ಕಾಲಿಟ್ಟವರ ನೆತ್ತಿ ಸುಡುತ್ತಿತ್ತು. ಹೋಟೆಲಿನ ಕೋಣೆಯ ಕಿಟಕಿಯಿಂದ ಸಮುದ್ರ ಕಂಡಾಗ ಗಾಜಿಗೆ ಹಣೆ ಹಚ್ಚಿ ನಿಂತೆ. "ನೋಡ್ರಿ, ಬಂದೇಬಿಟ್ಟೆ" ಎಂದೆ. ಗಿರೀಶ್ ನಕ್ಕು ಪೆಟ್ಟಿಗೆಯ ಬೀಗ ತೆಗೆದರು.

ಮೇಲೆ ನನ್ನ ಮಾವಿನಕಾಯಿ ಬಣ್ಣದ ರೇಷ್ಮೆ ಸೀರೆ. ಅದರ ಕೆಳಗೆ ಗಿರೀಶರ ಜರಿ ಪಂಚೆ, ಶಲ್ಯ. ಅದರ ಕೆಳಗೆ ಅತ್ತೆಯ ಮಂಡಿನೋವಿನ ಮುಲಾಮು, ಬಳಗಕ್ಕೆಲ್ಲ ವಿಟಮಿನ್ ಮಾತ್ರೆ, ಬಾದಾಮಿ. ತಳದಲ್ಲಿ ಊರಿನ ಮಕ್ಕಳಿಗೆಂದು ತಂದ ಚಾಕಲೇಟು. ಮರುಭೂಮಿಯ ಬಿಸಿಲಿಗೆ ಅದು ಚಾಕಲೇಟು ಎಂಬ ಹೆಸರನ್ನು ಮಾತ್ರ ಉಳಿಸಿಕೊಂಡಿತ್ತು.

ಗಿರೀಶ್ ಪಂಚೆಯನ್ನು ಕೈಯಲ್ಲಿ ಹಿಡಿದು ಒಂದು ಸಲ ನನ್ನ ಮುಖ ನೋಡಿದರು, ಒಂದು ಸಲ ಸಮುದ್ರ ನೋಡಿದರು. ಆಮೇಲೆ ಹಾಸಿಗೆಯ ಮೇಲೆ ಕೂತು, ಭುಜ ಅಲುಗುವಂತೆ, ಸದ್ದಿಲ್ಲದೆ ನಗತೊಡಗಿದರು. ಹೆಂಡತಿಯ ಎದುರು ಸದ್ದಿಲ್ಲದೆ ನಗುವ ಈ ವಿದ್ಯೆಯನ್ನು ಮೈಸೂರಿನವರು ಎಲ್ಲಿ ಕಲಿಯುತ್ತಾರೋ ನಾನರಿಯೆ.

ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಮೈಸೂರಿನ ಮದುವೆ ಮನೆಯಿಂದ ವಿಡಿಯೋ ಕಾಲ್! ಸವಿತಾ ಪೆಟ್ಟಿಗೆ ತಲುಪಿಸಿದ್ದಳು. ಬೀಗ ಒಡೆದಿದ್ದರು. ನಡುಮನೆಯಲ್ಲಿ ಬಳಗವೆಲ್ಲ ಸೇರಿತ್ತು. ನನ್ನ ಅತ್ತೆ ಎರಡು ಕೈಯಲ್ಲೂ ನನ್ನ ಈಜುರೆಕ್ಕೆ ಹಿಡಿದು ಕ್ಯಾಮೆರಾಕ್ಕೆ ತೋರಿಸುತ್ತಿದ್ದರು.

"ವೈಜಯಂತಿ, ಈ ಬಾತುಕೋಳಿ ಕಾಲು ಯಾರಿಗಮ್ಮಾ ತಂದಿರೋದು? ಬೀಗರಿಗಾ?"

"ಅಲ್ಲ ಅತ್ತೆ, ಅದು..."

"ಈ ಲಂಗನೂ ಇಲ್ಲದೇ ಇರೋ ರವಿಕೆ ಯಾರಿಗೆ? ಪುರೋಹಿತರು ಕೂತಿದ್ರಮ್ಮ ತೆಗೆದಾಗ!"

ಅದು ನನ್ನ ಈಜುಡುಗೆ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅಕಾಬಾದ ಭೂಮಿ ಬರೀ ಮರಳು, ಬಾಯಿ ಬಿಟ್ಟರೂ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಅಷ್ಟರಲ್ಲಿ ಅತ್ತೆ ನನ್ನ ಮಾಸ್ಕನ್ನು ಕಣ್ಣಿಗೆ ಏರಿಸಿಕೊಂಡರು. ಆಮೇಲೆ ನಡುಮನೆಯ ಸುತ್ತ ತಲೆ ತಿರುಗಿಸಿದರು.

"ಅಯ್ಯೋ! ಇದು ಚೆನ್ನಾಗಿ ಕಾಣತ್ತಲ್ಲೇ! ಬೀದಿ ಆಚೆ ಮನೆ ಬೋರ್ಡೂ ಓದಬಹುದು. ಗಿರೀ, ನಂಗೆ ಕನ್ನಡಕ ತಂದಿದೀನಿ ಅಂತ ಹೇಳ್ಲೇ ಇಲ್ಲ ನೀನು!"

"ಅದು ನಿಮಗೇ ಅಮ್ಮ" ಎಂದುಬಿಟ್ಟರು ಗಿರೀಶ್. ಅತ್ತೆ ಮದುವೆ ಮುಗಿಯುವವರೆಗೆ ಅದನ್ನು ತೆಗೆಯಲೇ ಇಲ್ಲ. ಮದುವೆಯ ಫೋಟೋಗಳಲ್ಲಿ ಧಾರೆ ಎರೆಯುವಾಗ ಪಕ್ಕದಲ್ಲಿ ಮುಳುಗುಗಾರರಂತೆ ನಿಂತಿರುವವರು ಅವರೇ.

ಫೋನ್ ಇಟ್ಟ ಮೇಲೆ ಗಿರೀಶ್ ನನ್ನ ಪಕ್ಕ ಕೂತು ಮೆತ್ತಗೆ ಹೇಳಿದರು. "ವೈಜು, ಟಿಕೆಟ್ ಚೇಂಜ್ ಮಾಡ್ಸಿ ನಾಳೆನೇ ಮೈಸೂರಿಗೆ ಹೋಗ್ಬಿಡೋಣ. ಡ್ರೆಸ್ ಇಲ್ಲ, ಮಾಸ್ಕ್ ಇಲ್ಲ. ಹೋಟೆಲಿನೋರು ಹೇಳಿದ ಅಂಗಡಿ ಇವತ್ತು ಮುಚ್ಚಿದೆ. ನಾಳೆ ಶುಕ್ರವಾರ, ನಮಾಜಿನ ದಿನ, ಬೆಳಿಗ್ಗೆ ಯಾವ ಅಂಗಡಿನೂ ತೆಗೆಯಲ್ವಂತೆ. ಏನ್ ಮಾಡ್ತೀಯಾ?"

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ನನಗೆ ಸಿಟ್ಟು ಬಂದದ್ದೇ ಅದಕ್ಕೆ. ಮೆಹಂದಿ ಒಂದು ದಿನ ತಿಂದಿತು, ಸಂಗೀತ ಒಂದು ದಿನ ತಿಂದಿತು, ಉಳಿದೊಂದು ದಿನವನ್ನು ನನ್ನ ರಿಬ್ಬನ್ನೇ ತಿನ್ನಬೇಕೆ? ಆಗುವುದಿಲ್ಲ!

"ನನ್ನ ಕೈಚೀಲದಾಗ ಒಂದು ನೈಟಿ ಅದ" ಎಂದೆ.

"ನೈಟಿನಾ?"

"ನೈಟಿ. ಅದನ್ನ ಹಾಕ್ಕೊಂಡು ಇಳೀತೀನಿ. ಮಾಸ್ಕು ಬಾಡಿಗಿಗೆ ಸಿಗ್ತದ. ಕಾಣಿಸಿದಷ್ಟು ಕಾಣಿಸ್ಲಿ!"

ವಿಮಾನದಲ್ಲಿ ಪೆಟ್ಟಿಗೆ ಕಳೆದರೆ ಎಂದು ಕೈಚೀಲದಲ್ಲಿ ಒಂದು ಹಳೆಯ ಹತ್ತಿ ನೈಟಿ ಇಟ್ಟುಕೊಳ್ಳುವುದು ನನ್ನ ರೂಢಿ. ನೇರಳೆ ಬಣ್ಣ, ಬಿಳಿ ಹೂವು, ಜೇಬಿನ ಹತ್ತಿರ ಒಂದು ಅರಿಶಿನದ ಕಲೆ. ಶುಕ್ರವಾರ ಬೆಳಿಗ್ಗೆ ಅದನ್ನು ತೊಟ್ಟು, ಒಳಗೆ ಸಲ್ವಾರ್ ಹಾಕಿಕೊಂಡು, ತಲೆಯೆತ್ತಿ ಹೋಟೆಲಿನ ಮೆಟ್ಟಿಲಿಳಿದೆ. ಜಗತ್ತೇ ನಗಲಿ ಎಂದುಕೊಂಡೇ ಹೋದೆ. ಯಾರೂ ನಗಲಿಲ್ಲ! ಆ ದಂಡೆಯಲ್ಲಿ ಊರಿನ ಹೆಂಗಸರೆಲ್ಲ ಮೈತುಂಬ ಬಟ್ಟೆ ಹಾಕಿಕೊಂಡೇ ನೀರಿಗಿಳಿದಿದ್ದರು. ಒಬ್ಬ ಅಜ್ಜಿ ನನ್ನ ನೈಟಿಯ ಬಟ್ಟೆಯನ್ನು ಬೆರಳಲ್ಲಿ ಹಿಡಿದು ನೋಡಿ, ಚೆನ್ನಾಗಿದೆ ಎಂಬಂತೆ ತಲೆಯಾಡಿಸಿದಳು. ನಾನು ಒಂದು ಇಂಚು ಎತ್ತರವಾದೆ.

ಗಿರೀಶರನ್ನು ಕೊಡೆಯ ಕೆಳಗೆ ಕೂರಿಸಿದೆ. ಅವರಿಗೆ ನೀರೆಂದರೆ ಭಯ, ಕಾವೇರಿಯಲ್ಲೂ ಚೊಂಬಿನಲ್ಲೇ ಸ್ನಾನ ಮಾಡುವವರು. ಕನ್ನಡಕ ಬಿಚ್ಚಿ ಅವರ ಕೈಗೆ ಕೊಟ್ಟೆ. ತಕ್ಷಣ ಲೋಕವೆಲ್ಲ ನೀರಿನಲ್ಲಿ ನೆನೆಸಿಟ್ಟ ರಂಗೋಲಿಯಾಯಿತು. ಮೀಸೆಯಿದ್ದಂತೆ ತೋರಿದ ಗೈಡ್ ನನಗೆ ಲೈಫ್ ಜಾಕೆಟ್ ಕಟ್ಟಿ, ಬಾಡಿಗೆಯ ಮಾಸ್ಕ್ ತೊಡಿಸಿ, ಮರದ ಕಟ್ಟೆಯಿಂದ ಇಳಿಸಿದ. ಅಲ್ಲಿ ಒಂದು ದೊಡ್ಡ ರಬ್ಬರ್ ಬಳೆ ತೇಲುತ್ತಿತ್ತು. ಈಜು ಬಾರದವರು ಅದನ್ನು ಸುತ್ತಲೂ ಹಿಡಿದುಕೊಳ್ಳುವುದು, ಗೈಡ್ ಹಗ್ಗದಿಂದ ಎಳೆದುಕೊಂಡು ಹೋಗುವುದು, ಹಿಡಿದವರ ಕಾಲು ತಾನಾಗಿ ಹಿಂದಕ್ಕೆ ಚಾಚಿ ತೇಲುವುದು. ನನ್ನ ನೈಟಿ ಗಾಳಿ ತುಂಬಿ ಪೂರಿಯಂತೆ ಉಬ್ಬಿತು. ಅದನ್ನು ಒಂದು ಕೈಯಿಂದ ಅದುಮಿ, ಇನ್ನೊಂದು ಕೈಯಿಂದ ಬಳೆ ಹಿಡಿದೆ. ನನ್ನ ಮುಂದೆಯೂ ಯಾರೋ ಹಿಡಿದುಕೊಂಡಂತಾಯಿತು. ನಾನು ಲಕ್ಷ್ಯ ಕೊಡಲಿಲ್ಲ. ಮುಖವನ್ನು ನೀರಿನಲ್ಲಿ ಮುಳುಗಿಸಿದೆ.

ಮೊದಲು ನೀಲಿ ಮಂಜು. ಆಮೇಲೆ ಕೆಳಗೆಲ್ಲೋ ಕಂದು, ಗುಲಾಬಿ ಮೋಡಗಳು. ಅವೇ ಹವಳವಿರಬೇಕು. ಕಣ್ಣು ಕಿರಿದು ಮಾಡಿದರೂ, ಅಗಲ ಮಾಡಿದರೂ ಮೋಡ ಮೋಡವೇ. ಇಷ್ಟು ದೂರ ಬಂದದ್ದು ಇದಕ್ಕೇನು? ಆಗ, ನನ್ನ ಮುಖದ ಮುಂದೆಯೇ, ಒಂದು ಮೊಳ ದೂರದಲ್ಲಿ, ಅದು ಬಂತು!

ಉದ್ದನೆಯ ಹಳದಿ ಮೈ, ಅದರ ಮೇಲೆ ಕಪ್ಪು ಪಟ್ಟೆ. ಮೇಲೆ, ಕೆಳಗೆ, ಮೇಲೆ, ಕೆಳಗೆ, ಮೆಲ್ಲಗೆ ಬಾಲ ಆಡಿಸುತ್ತ ತೇಲುತ್ತಿತ್ತು. ನೋಡುತ್ತಿದ್ದಂತೆ ಪಕ್ಕದಲ್ಲಿ ಅದರ ಜೋಡಿ! ಎರಡೂ ಜೊತೆಜೊತೆಯಾಗಿ ನನ್ನ ಮುಂದೆ ಮುಂದೆ ಹೊರಟವು. ನಾನು ಎಲ್ಲಿಗೆ ಹೋದರೆ ಅಲ್ಲಿಗೆ ಅವೂ ಬಂದವು. ನನ್ನನ್ನು ಬಿಟ್ಟು ಹೋಗಲೇ ಇಲ್ಲ. ಅಷ್ಟು ವರ್ಷ ಪರದೆಯ ಮೂಲೆಯಲ್ಲಿ ನೋಡಿದ್ದ ಮೀನು ನನಗೋಸ್ಕರವೇ ಬಂದಿದೆ ಎನ್ನಿಸಿ ನಾನು ಅತ್ತುಬಿಟ್ಟೆ. ನಿಜವಾಗಿ ಅತ್ತೆ. ಮಾಸ್ಕಿನ ಒಳಗೂ ಉಪ್ಪುನೀರು, ಹೊರಗೂ ಉಪ್ಪುನೀರು. ಕಟ್ಟೆಗೆ ವಾಪಸು ಬರುವವರೆಗೂ ಅವುಗಳಿಂದ ಕಣ್ಣು ಕೀಳಲಿಲ್ಲ.

ಕಟ್ಟೆ ಹತ್ತಿ, ನೈಟಿ ಹಿಂಡಿಕೊಂಡು "ರೀ, ಕನ್ನಡಕಾ!" ಎಂದು ದಂಡೆಯ ಕಡೆ ಕೂಗಿದೆ. ಕನ್ನಡಕ ಪಕ್ಕದಿಂದಲೇ ಬಂತು. ಹಾಕಿಕೊಂಡು ನೋಡಿದರೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟಿನಲ್ಲಿ ಗಿರೀಶ್, ತೊಟ್ಟಿಕ್ಕುತ್ತ, ಏದುಸಿರು ಬಿಡುತ್ತ ಕೂತಿದ್ದಾರೆ.

"ರೀ! ನೀವ್ಯಾವಾಗ ನೀರಿಗೆ ಇಳಿದ್ರಿ?"

"ನಿನ್ ಹಿಂದೇನೇ. ಒಬ್ಳನ್ನೇ ಹೇಗೆ ಬಿಡ್ಲಿ ವೈಜು? ನೀನು ಹಿಡ್ಕೊಂಡಿದ್ದ ಬಳೆನೇ ನಾನೂ ಮುಂದೆ ಹಿಡ್ಕೊಂಡೆ. ರಾಯರನ್ನ ನೆನೆಸ್ಕೊಂಡು ಕಣ್ಣು ಮುಚ್ಕೊಂಡೋನು ಈಗ್ಲೇ ತೆಗೆದಿದ್ದು."

ನಾನು ಮೆಲ್ಲಗೆ ಕೆಳಗೆ ನೋಡಿದೆ. ಗೈಡ್ ಅವರಿಗೆ ಬಾಡಿಗೆಯ ಈಜುರೆಕ್ಕೆ ತೊಡಿಸಿದ್ದ. ಹಳದಿ. ಕಪ್ಪು ಪಟ್ಟೆ. ಜೋಡಿ.

ಭೀಮನ ಅಮಾವಾಸ್ಯೆ ಬಂದಾಗಲೆಲ್ಲ ಅತ್ತೆ ಮೈಸೂರಿನಿಂದ ಫೋನ್ ಮಾಡಿ, ಗಂಡನ ಪಾದಪೂಜೆ ಮಾಡಮ್ಮ ಎನ್ನುತ್ತಾರೆ. ‘ನಮ್ಮ ಧಾರವಾಡದ ಕಡೆ ಅದೆಲ್ಲ ಇಲ್ಲ ಅತ್ತೆ, ನಾನು ಮಾಡೂದಿಲ್ಲ’ ಎಂದು ಮದುವೆಯಾದಾಗಿನಿಂದ ಎದೆಯುಬ್ಬಿಸಿ ಹೇಳಿಕೊಂಡು ಬಂದಿದ್ದೇನೆ. ಅಂಥ ನಾನು, ಯಾರ ಮಾತಿಗೂ ಬಗ್ಗದೆ, ಸ್ವಂತ ರಜೆ ಹಾಕಿ, ಸಾಗರ ದಾಟಿ, ಮರುಭೂಮಿ ದಾಟಿ, ಮೈಯೆಲ್ಲ ಒದ್ದೆ ಮಾಡಿಕೊಂಡು, ತಲೆ ಬಾಗಿಸಿ, ಆನಂದದ ಕಣ್ಣೀರು ಸುರಿಸುತ್ತ ದರ್ಶನ ಮಾಡಿದ್ದು ಗಂಡನ ಪಾದಗಳನ್ನು!

ಇದನ್ನು ಅತ್ತೆಗೆ ಹೇಳಿಲ್ಲ. ಹೇಳುವುದೂ ಇಲ್ಲ.